ಪೇಪರ್ ಪಬ್ಲಿಷ್ ಆಯ್ತು, ಓದಿದ್ದು ಯಾರು?

ನಮ್ಮೂರು ಮಿರ್ಲೆ. ಕೆ.ಆರ್. ನಗರದ ಕಡೆಯವರಿಗೆ ಗೊತ್ತಿರುತ್ತೆ, ಉಳಿದವರಿಗೆ ಹೇಳೋದಾದ್ರೆ ಭತ್ತದ ಸೀಮೆ. ಅಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಚಾಮುಂಡೇಶ್ವರಿ ಫೋಟೋ ಪಕ್ಕ ಒಂದು ಸರ್ಟಿಫಿಕೇಟ್ ತೂಗುಹಾಕಿದೆ. ಚಿನ್ನದ ಬಣ್ಣದ ಅಂಚು, ಕೆಳಗೆ ಚೀಫ್ ಎಡಿಟರ್ ಸಹಿ, ಮಧ್ಯೆ ನನ್ನ ಹೆಸರು. ಫೈನಲ್ ಇಯರ್ ಪ್ರಾಜೆಕ್ಟಿನ ಪೇಪರ್ ‘ಇಂಟರ್‌ನ್ಯಾಷನಲ್ ಜರ್ನಲ್’ನಲ್ಲಿ ಬಂದಿದ್ದಕ್ಕೆ ಸಾಕ್ಷಿ ಅದು. ಫ್ರೇಮ್ ಹಾಕಿಸಿದ್ದು ಅವ್ವ.

ಪೇಪರ್ ಕಳಿಸಿದ್ದು ಸೋಮವಾರ ಸಂಜೆ. ಬುಧವಾರ ಬೆಳಗ್ಗೆ ‘ಆಕ್ಸೆಪ್ಟೆಡ್’ ಅಂತ ಮೇಲ್ ಬಂತು. ರಿವ್ಯೂವರ್ ಕಾಮೆಂಟ್ ಇದ್ದಿದ್ದು ಎರಡೇ ಪದ: ‘ಗುಡ್ ವರ್ಕ್’. ಫೀಸು 1,500 ರೂಪಾಯಿ, ನಾಲ್ಕು ಜನ ಹಂಚಿಕೊಂಡು ಕಟ್ಟಿದ್ವಿ. ಊರಿಗೆ ಹೋದಾಗ ಇದನ್ನೆಲ್ಲ ಖುಷಿಯಿಂದ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಮಾತು: “ಎರಡೇ ದಿನಕ್ಕೆ ಒಪ್ಕೊಂಡ್ರಾ? ನಮ್ ಭತ್ತನೇ ಅಷ್ಟು ಸುಲಭಕ್ಕೆ ಒಪ್ಪಲ್ವಲ್ಲೋ. ಮೂಟೆಗೆ ಕೊಳವೆ ಚುಚ್ಚಿ, ಕಾಳು ಕಚ್ಚಿ ನೋಡ್ತಾರೆ.”

ಆಗ ನಕ್ಕು ಸುಮ್ಮನಾದೆ. ಅದೇ ಸರಿಯಾದ ಪ್ರಶ್ನೆ ಅಂತ ಅರ್ಥ ಆಗೋಕೆ ಒಂದು ವರ್ಷ ಹಿಡೀತು.

ಸರಿಯಾದ ಜರ್ನಲ್‌ನಲ್ಲಿ ಏನಾಗುತ್ತೆ ನೋಡಿ. ಪೇಪರನ್ನ ಮೊದಲು ಸಂಪಾದಕರು ಓದ್ತಾರೆ. ಬಹಳಷ್ಟು ಅಲ್ಲೇ ವಾಪಸ್. ಉಳಿದಿದ್ದು ಅದೇ ವಿಷಯ ಬಲ್ಲ ಇಬ್ಬರು ಮೂವರ ಹತ್ತಿರ ಹೋಗುತ್ತೆ. ಅವರಿಗೆ ಸಾಮಾನ್ಯವಾಗಿ ಸಂಬಳ ಇಲ್ಲ, ಲೇಖಕರ ಹಂಗೂ ಇಲ್ಲ. ‘ಈ ಅಂಕಿ ಎಲ್ಲಿಂದ ಬಂತು, ಈ ಪ್ರಯೋಗ ಯಾಕೆ ಮಾಡಿಲ್ಲ’ ಅಂತ ಕೇಳ್ತಾರೆ. ವಾರಗಳಾಗಬಹುದು, ತಿಂಗಳುಗಳಾಗಬಹುದು. ಕೊನೆಗೆ ‘ಬೇಡ’ ಅನ್ನೋ ಅಧಿಕಾರ ಅವರಿಗೂ ಸಂಪಾದಕರಿಗೂ ಇರುತ್ತೆ. ನಮ್ಮ ಜರ್ನಲ್‌ನಲ್ಲಿ ಆ ‘ಬೇಡ’ ಅನ್ನೋ ಮನುಷ್ಯನೇ ಇರಲಿಲ್ಲ.

ದುಡ್ಡು ತಗೊಂಡಿದ್ದೇ ತಪ್ಪು ಅಂತ ಬಹಳ ಜನ ಅಂದ್ಕೋತಾರೆ. ಅದು ಸರಿಯಲ್ಲ. ಯಾರು ಬೇಕಾದ್ರೂ ಉಚಿತವಾಗಿ ಓದಬಹುದಾದ ಓಪನ್ ಆಕ್ಸೆಸ್ ಜರ್ನಲ್‌ಗಳಲ್ಲಿ ಒಳ್ಳೆಯವೂ ಲೇಖಕರಿಂದ ಫೀಸು ತಗೋತವೆ, ಕೆಲವಂತೂ ಲಕ್ಷಗಟ್ಟಲೆ. ದುಡ್ಡು ಬಂದ ಮೇಲೂ ಪೇಪರನ್ನ ತಿರಸ್ಕರಿಸೋ ವ್ಯವಸ್ಥೆ ಅಲ್ಲಿ ಉಳಿದಿದೆಯಾ ಅನ್ನೋದೇ ಪ್ರಶ್ನೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಇದನ್ನೇ ಪರೀಕ್ಷೆ ಮಾಡಿದ. ಎದ್ದು ಕಾಣುವ ತಪ್ಪುಗಳನ್ನ ಬೇಕಂತಲೇ ತುಂಬಿದ ಒಂದು ಸುಳ್ಳು ಪೇಪರನ್ನ 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು. ಪೇಪರ್ ಹೋದ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ದೇಶದವೇ.

ನಮ್ಮಲ್ಲಿ ಇಷ್ಟೊಂದು ಯಾಕೆ? ಬಡ್ತಿಗೆ ಪೇಪರ್ ಬೇಕು, ಪಿಎಚ್‌ಡಿಗೆ ಪೇಪರ್ ಬೇಕು, ಈಗ ಎಷ್ಟೋ ಕಡೆ ಬಿಇ ಪ್ರಾಜೆಕ್ಟಿಗೂ ಬೇಕು. ಎಣಿಸೋಕೆ ಸುಲಭ, ಓದೋಕೆ ಕಷ್ಟ, ಹಾಗಾಗಿ ಎಣಿಸ್ತಾರೆ. ಯುಜಿಸಿ 2017ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳ ಪಟ್ಟಿ ಹೊರಡಿಸಿತು. ಅದರಲ್ಲಿ ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ ಭಾಗವನ್ನ ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಜಾಲಾಡಿದರು. ಅವರ ವರದಿ ಬಂದಿದ್ದು ನಮ್ಮ ಬೆಂಗಳೂರಿನಿಂದ 1932ರಿಂದ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ನಲ್ಲಿ, 2018ರ ಮಾರ್ಚ್‌ನಲ್ಲಿ. ಆ ಭಾಗದಿಂದ ಆರಿಸಿ ನೋಡಿದ ಜರ್ನಲ್‌ಗಳಲ್ಲಿ 88%ಕ್ಕೂ ಹೆಚ್ಚು ಕಳಪೆಯಾಗಿರಬಹುದು ಅಂತ ಬರೆದರು. ಶಿಫಾರಸು ಮಾಡಿದ್ದು ವಿಶ್ವವಿದ್ಯಾಲಯಗಳೇ, ನೆನಪಿರಲಿ. ಅದೇ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನ ಪಟ್ಟಿಯಿಂದ ತೆಗೆದುಹಾಕಿತು. ಆಮೇಲೆ ‘ಯುಜಿಸಿ-ಕೇರ್’ ಅನ್ನೋ ಹೊಸ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿದರು. ಈಗ ಜರ್ನಲ್ ಹೇಗಿದೆ ಅಂತ ನೋಡಿಕೊಳ್ಳೋ ಹೊಣೆ ಸಂಸ್ಥೆಗಳದ್ದು ಮತ್ತು ನಮ್ಮದೇ.

ಕೃತಿಚೌರ್ಯದ ವಿಚಾರದಲ್ಲೂ ಹೀಗೇ, ಅಂಕಿ ಸಿಕ್ಕ ತಕ್ಷಣ ಓದೋದು ನಿಂತುಬಿಡುತ್ತೆ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ 10%ವರೆಗೆ ಇದ್ದರೆ ದಂಡನೆ ಇಲ್ಲ, 60% ದಾಟಿದರೆ ಸಂಶೋಧನಾ ವಿದ್ಯಾರ್ಥಿಯ ನೋಂದಣಿಯೇ ರದ್ದು. ನಮ್ಮ ಹುಡುಗರು ಇದನ್ನ ‘10% ಕದಿಯಬಹುದು’ ಅಂತ ಓದ್ಕೊಂಡಿದ್ದಾರೆ! ಉಳಿದಿದ್ದನ್ನ ಪದ ಬದಲಿಸೋ ಸಾಫ್ಟ್‌ವೇರ್‌ಗೆ ಹಾಕ್ತಾರೆ. ಆ ಸಾಫ್ಟ್‌ವೇರ್ ಮಾಡೋ ಕಿತಾಪತಿ ಮಜವಾಗಿದೆ. 2021ರಲ್ಲಿ ಗಿಯೋಮ್ ಕಬನಾಕ್ ಮತ್ತಿತರ ಸಂಶೋಧಕರು ಇಂಥ ಪದಗಳನ್ನ ಹುಡುಕಿ ತೆಗೆದರು. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಅನ್ನೋದು ‘ಕೌಂಟರ್‌ಫೀಟ್ ಕಾನ್ಷಸ್‌ನೆಸ್’ ಆಗಿತ್ತು, ಅಂದ್ರೆ ಖೋಟಾ ಪ್ರಜ್ಞೆ. ‘ಬಿಗ್ ಡೇಟಾ’ ಅನ್ನೋದು ‘ಕಲಾಸಲ್ ಇನ್ಫರ್ಮೇಷನ್’. ಸಿಕ್ಕಿದ್ದರಲ್ಲಿ ಹೆಸರಾಂತ ಪ್ರಕಾಶಕರ ಎಂಜಿನಿಯರಿಂಗ್ ಜರ್ನಲ್‌ಗಳೂ ಇದ್ದವು. ಇನ್ನು 2024ರಲ್ಲಿ ದೊಡ್ಡ ಜರ್ನಲ್ ಒಂದರ ಪೇಪರ್ ಶುರುವಾಗಿದ್ದೇ ‘ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ’ ಅನ್ನೋ ಚಾಟ್‌ಬಾಟ್ ಉತ್ತರದಿಂದ. ಲೇಖಕರು, ರಿವ್ಯೂವರ್‌ಗಳು, ಸಂಪಾದಕರು, ಯಾರೂ ಮೊದಲ ಸಾಲನ್ನೂ ಓದಿರಲಿಲ್ಲ.

ಹಾಗಾದ್ರೆ ದೊಡ್ಡ ಜರ್ನಲ್ ಅಂದ್ರೆ ನಂಬಬಾರದಾ? ಬೆಂಗಳೂರಿನ ಎನ್‌ಸಿಬಿಎಸ್‌ನ ಒಂದು ಪ್ರಕರಣ ಇದಕ್ಕೆ ಉತ್ತರ ಕೊಡುತ್ತೆ. ಅಲ್ಲಿನ ಒಂದು ಪ್ರಯೋಗಾಲಯದ ಪೇಪರ್ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂತು. ರಿವ್ಯೂ ಆಗಿದ್ದ ಪೇಪರೇ. ಆದರೆ ಚಿತ್ರಗಳನ್ನ ತಿದ್ದಿದ ಹಾಗಿದೆ ಅಂತ ಓದುಗರು ಪಬ್‌ಪಿಯರ್‌ನಲ್ಲಿ ಗುರುತಿಸಿದರು. ಸಂಸ್ಥೆ ವಿಚಾರಣೆ ನಡೆಸಿತು, 2021ರಲ್ಲಿ ಪೇಪರ್ ಹಿಂತೆಗೆದುಕೊಂಡರು. ಸುದ್ದಿಯಾದಾಗ ಎಲ್ಲರೂ ‘ಅವಮಾನ’ ಅಂದ್ರು. ನನಗೇನೋ ಅಲ್ಲಿ ಎರಡನೇ ಬಾಗಿಲು ಕೆಲಸ ಮಾಡ್ತು ಅನ್ನಿಸುತ್ತೆ. ಪ್ರಕಟವಾದ ಮೇಲೂ ‘ಬೇಡ’ ಅನ್ನೋರಿದ್ರು, ಕೇಳಿಸಿಕೊಳ್ಳೋರೂ ಇದ್ರು. 2023ರಲ್ಲಿ ಜಗತ್ತಿನಾದ್ಯಂತ ಹೀಗೆ ಹಿಂತೆಗೆದ ಪೇಪರ್‌ಗಳು 10,000 ದಾಟಿದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಅನ್ನೋ ಒಂದೇ ಪ್ರಕಾಶನದ್ದು.

ಈಗ ನಮ್ಮ ಪೇಪರ್ ಕಥೆಗೆ ಬರ್ತೀನಿ. ವಿಷಯ: ಭತ್ತದ ತೇವಾಂಶ ಅಳೆಯೋ ಅಗ್ಗದ ಸೆನ್ಸರ್. ಕಾಳಿನಲ್ಲಿ ನೀರು ಜಾಸ್ತಿ ಇದ್ದಷ್ಟೂ ಕೆಪಾಸಿಟೆನ್ಸ್ ಜಾಸ್ತಿ, ಅಷ್ಟೇ ತತ್ವ. 40 ಸ್ಯಾಂಪಲ್ ಅಳೆದ್ವಿ. 9 ರೀಡಿಂಗ್ ಗೆರೆಯ ಮೇಲೆ ಕೂರಲಿಲ್ಲ. ‘ನಾಯ್ಸ್ ಕಣೋ ಮಗಾ, ತೆಗೆದಾಕು’ ಅಂತ ತೀರ್ಮಾನ ಆಯ್ತು. ಉಳಿದ 31ಕ್ಕೆ ಚೆಂದದ ಗ್ರಾಫ್ ಬಂತು. ಪೇಪರ್‌ನಲ್ಲಿ 9ರ ಸುದ್ದಿಯೇ ಇಲ್ಲ. ಲೇಖಕರ ಹೆಸರಲ್ಲಿ ಒಬ್ಬ ಫೀಸಿನ ಪಾಲು ಕೊಟ್ಟಿದ್ದು ಬಿಟ್ರೆ ಸೆನ್ಸರ್ ಮುಟ್ಟಿಯೂ ಇರಲಿಲ್ಲ.

ಒಂದು ವರ್ಷದ ಮೇಲೆ ಬೇರೆ ಕಾಲೇಜಿನ ಜೂನಿಯರ್ ಒಬ್ಬಳು ಮೇಲ್ ಮಾಡಿದ್ಲು. “ಸರ್, ನಿಮ್ಮ ಸಮೀಕರಣ ಹಾಕಿ ಸೆನ್ಸರ್ ಮಾಡಿದೀವಿ. ಓವನ್‌ನಲ್ಲಿ ಒಣಗಿಸಿ ತೂಕ ನೋಡಿದ್ರೆ ಎರಡು ಪರ್ಸೆಂಟ್ ಕಮ್ಮಿ ತೋರಿಸ್ತಿದೆ. ನಾವೆಲ್ಲಿ ತಪ್ಪಿದೀವಿ?” ತಪ್ಪಿದ್ದು ಅವಳಲ್ಲ. ನಾವು ಅಳೆದಿದ್ದರಲ್ಲಿ ಹೆಚ್ಚಿನದು ಜ್ಯೋತಿ ಭತ್ತ. ಹಳೇ ಪುಸ್ತಕ ತೆಗೆದು ನೋಡಿದ್ರೆ ಆ 9ರಲ್ಲಿ 7 ಸೋನಾ. ನಾಯ್ಸ್ ಅಂತ ಎಸೆದಿದ್ದೇ ನಿಜವಾದ ಫಲಿತಾಂಶ: ತಳಿ ಬದಲಾದ್ರೆ ಸಮೀಕರಣವೂ ಬದಲಾಗುತ್ತೆ. ‘ಯಾವ ತಳಿ?’ ಅಂತ ಒಬ್ಬ ರಿವ್ಯೂವರ್ ಒಂದು ಸಾಲು ಕೇಳಿದ್ರೂ ಸಾಕಿತ್ತು.

ಎರಡು ಪರ್ಸೆಂಟ್ ಏನ್ ಮಹಾ ಅನ್ನಬೇಡಿ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ 17% ಮೀರುವಂತಿಲ್ಲ. ನಮ್ಮ ಸೆನ್ಸರ್ 16 ಅಂತ ತೋರಿಸಿದ್ದನ್ನ ನಂಬಿ ರೈತ ಟ್ರ್ಯಾಕ್ಟರ್ ಬಾಡಿಗೆ ಮಾಡಿ ಹೋದ್ರೆ, ಅಲ್ಲಿ 18 ಬಂದು ಲೋಡ್ ಪೂರ್ತಿ ವಾಪಸ್ ಮನೆಗೆ. ಬಾಡಿಗೆ ಯಾರು ಕೊಡ್ತಾರೆ?

ಅವಳಿಗೆ 40 ರೀಡಿಂಗೂ ಕಳಿಸಿದೆ, 9ರ ವಿಷಯ ಬಿಚ್ಚಿ ಹೇಳಿ. ಜರ್ನಲ್‌ಗೆ ‘ಪೇಪರ್ ಹಿಂತೆಗೆದುಕೊಳ್ಳಿ’ ಅಂತ ಮೂರು ಸಲ ಬರೆದೆ. ಉತ್ತರ ಇಲ್ಲ. ಹೊಸ ಪೇಪರ್ ಕಳಿಸಿ, 20% ಡಿಸ್ಕೌಂಟ್ ಅನ್ನೋ ಮೇಲ್ ಮಾತ್ರ ಬರ್ತಾನೇ ಇದೆ. ರೆಸ್ಯೂಮೆಯಿಂದ ಆ ಸಾಲು ತೆಗೆದಿದ್ದೀನಿ. ಪಡಸಾಲೆಯ ಫ್ರೇಮ್ ಇನ್ನೂ ಅಲ್ಲೇ ಇದೆ, ಅವ್ವನಿಗೆ ಹೇಳಿಲ್ಲ. ಅಪ್ಪನಿಗೆ ಹೇಳಿದೆ.

ಈ ಸುಗ್ಗಿಗೆ ನಾನೂ ಆ ಜೂನಿಯರೂ ಸೇರಿ ಅಳತೆ ಮತ್ತೆ ಶುರು ಮಾಡ್ತಿದ್ದೀವಿ, ತಳಿವಾರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಊರಿಂದ ಬರುವಾಗ ಅರ್ಧ ಕೆಜಿ ಭತ್ತ ತನ್ನಿ. ಗಾಳಿಯಾಡದ ಕವರ್‌ನಲ್ಲಿ ಕಟ್ಟಿ, ಮೇಲೆ ತಳಿಯ ಹೆಸರು, ಕೊಯ್ದ ತಾರೀಕು ಬರೆದಿರಬೇಕು.