ಪ್ರಾರಂಭಕಾಲದ ಡಿಸ್ಕ್ ತಪಾಸಣೆ: ಒಂದು ಬಹುಪ್ರಚಲಿತ ಭ್ರಾಂತಿ

ಸರ್ವರನ್ನು ಆಗಾಗ ನಿಲ್ಲಿಸಿ ಪುನಃ ಪ್ರಾರಂಭಿಸುತ್ತಿದ್ದರೆ ಅದರ ಡಿಸ್ಕುಗಳು ತಮ್ಮಷ್ಟಕ್ಕೆ ತಾವೇ ಪರೀಕ್ಷೆಗೊಳಗಾಗಿ, ದೋಷವಿದ್ದಲ್ಲಿ ದುರಸ್ತಿಯೂ ಆಗಿಬಿಡುತ್ತವೆಂಬ ನಂಬಿಕೆಯು ಲಿನಕ್ಸ್ ಯಂತ್ರಗಳ ಪಾಲಕರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಬೇರೆ ವಿಷಯಗಳಲ್ಲಿ ಪ್ರಮಾಣವಿಲ್ಲದೆ ಯಾವುದನ್ನೂ ಒಪ್ಪದ ಪ್ರಾಜ್ಞರೂ ಇದನ್ನು ಮಾತ್ರ ಪ್ರಶ್ನಿಸದೆ ಅಂಗೀಕರಿಸಿರುವುದನ್ನು ಕಂಡು ನನಗೆ ಪದೇಪದೇ ಖೇದವಾಗುತ್ತದೆ. ಯಂತ್ರವು ಏಳುವಾಗ ಪರದೆಯ ಮೇಲೆ ಡಿಸ್ಕಿನ ಹೆಸರು, ಅದರ ಬಳಿ ‘ಕ್ಲೀನ್’ ಎಂಬ ಮಾತು, ಆಮೇಲೆ ಇಷ್ಟು ಕಡತಗಳು, ಇಷ್ಟು ಬ್ಲಾಕುಗಳು ಎಂಬ ಅಂಕಿಗಳು ಮೂಡುತ್ತವೆಯಷ್ಟೆ. ಎಣಿಸದೆ ಇಂಥ ಸಂಖ್ಯೆಯನ್ನು ಯಾರು ತಾನೆ ಹೇಳಿಯಾರು ಎಂದು ನೋಡಿದವರು ನಿಶ್ಚಿಂತರಾಗುತ್ತಾರೆ.

ಯಾರೂ ಎಣಿಸಿರುವುದಿಲ್ಲ. ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಪ್ರಾರಂಭಕಾಲದ ತಪಾಸಕವಾದ ಎಫ್‌ಎಸ್‌ಸಿಕೆ ಮೊದಲು ಓದುವುದು ಸೂಪರ್‌ಬ್ಲಾಕೆಂಬ ಒಂದು ಚಿಕ್ಕ ದಾಖಲೆಯನ್ನು. ಹಿಂದಣ ಸಲ ವ್ಯವಸ್ಥೆಯು ಕ್ರಮವಾಗಿ ಅನ್‌ಮೌಂಟ್ ಆಯಿತೆಂಬ ಗುರುತು ಅಲ್ಲಿದ್ದು, ದೋಷವನ್ನು ಕಂಡೆನೆಂದು ಕರ್ನೆಲ್ ಬರೆದಿಟ್ಟ ಗುರುತಿಲ್ಲದೆ, ನಿಯತ ತಪಾಸಣೆಯ ಅವಧಿಯೂ ಮೀರದಿದ್ದ ಪಕ್ಷದಲ್ಲಿ, ಆ ದಾಖಲೆಯಲ್ಲಿರುವ ಅಂಕಿಗಳನ್ನೇ ಪರದೆಗೆ ಒಪ್ಪಿಸಿ, ಐನೋಡುಗಳನ್ನಾಗಲಿ ಡೈರೆಕ್ಟರಿಗಳನ್ನಾಗಲಿ ಶೋಧಿಸದೆ, ಅದು ಕ್ಷಣಮಾತ್ರದಲ್ಲಿ ನಿರ್ಗಮಿಸುತ್ತದೆ. ವಿದ್ಯುತ್ತು ಹಠಾತ್ತನೆ ಹೋಗಿ ಯಂತ್ರ ನಿಂತಿದ್ದರೂ ಸಾಮಾನ್ಯವಾಗಿ ನಡೆಯುವುದು ಜರ್ನಲಿನ ಪುನರ್ವಾಚನ ಮಾತ್ರ. ಹಿಂದಿನ ಸಂಜೆ ಶಾನುಭೋಗರು ಖಾತೆಯ ಕೊನೆಗೆ ಹಾಕಿದ ರುಜುವನ್ನಷ್ಟೇ ನೋಡಿ ಖಾತೆಯೆಲ್ಲ ಸರಿಯೆಂದು ಸಾರುವ ಲೆಕ್ಕಪರಿಶೋಧಕನ ಮಾತಿಗೆ ಎಷ್ಟು ಬೆಲೆಯುಂಟೋ ಪರದೆಯ ಆ ‘ಕ್ಲೀನ್’ ಸಾಲಿಗೂ ಅಷ್ಟೇ ಬೆಲೆ. ಕರ್ನೆಲ್ಲಿನ ಕಣ್ಣಿಗೆ ಇನ್ನೂ ಬೀಳದ ದೋಷವು ಎಷ್ಟು ಸಲ ಯಂತ್ರವನ್ನು ಪುನಃ ಪ್ರಾರಂಭಿಸಿದರೂ ಇದ್ದಲ್ಲಿಯೇ ಇರುತ್ತದೆ.

ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿದ್ದಿತೆಂಬುದನ್ನು ಒಪ್ಪಬೇಕಾದುದು ನ್ಯಾಯ. ಜರ್ನಲಿಲ್ಲದ ಎಕ್ಸ್‌ಟಿ2ರ ದಿನಗಳಲ್ಲಿ, ಅಕ್ರಮವಾಗಿ ನಿಂತ ಯಂತ್ರವು ಏಳುವಾಗ ಪೂರ್ಣ ತಪಾಸಣೆ ನಡೆಯುತ್ತಿತ್ತು; 2001ರಲ್ಲಿ ಎಕ್ಸ್‌ಟಿ3ರೊಡನೆ ಜರ್ನಲ್ ಮುಖ್ಯ ಕರ್ನೆಲ್ಲಿಗೆ ಬಂದ ಮೇಲೆಯೂ, 20ರಿಂದ 39ರೊಳಗಣ ಯಾವುದೋ ಒಂದು ಸಂಖ್ಯೆಯಷ್ಟು ಸಲ ಮೌಂಟ್ ಆದ ಬಳಿಕ, ಇಲ್ಲವೆ 180 ದಿನಗಳು ಕಳೆದ ಬಳಿಕ, ಪೂರ್ಣ ತಪಾಸಣೆ ತಾನಾಗಿ ನಡೆಯುವ ಏರ್ಪಾಡಿತ್ತು. ಡಿಸ್ಕುಗಳು ಬೆಳೆದಂತೆ ಆ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿದು, ಕಾದವರು ಬೇಸತ್ತುದರಿಂದ, ಸುಮಾರು 2011ರಿಂದ ಹೊಸದಾಗಿ ನಿರ್ಮಿಸುವ ಕಡತ ವ್ಯವಸ್ಥೆಗಳಲ್ಲಿ ಆ ಏರ್ಪಾಡನ್ನು ನಾವಾಗಿ ಕೇಳದ ಹೊರತು ಹೂಡುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಿಂದೀಚೆಗೆ ಆ ಪರಿವಾರದ ಸಹಜ ಆಯ್ಕೆಯಾಗಿರುವ ಎಕ್ಸ್‌ಎಫ್‌ಎಸ್ ವಿಷಯದಲ್ಲಂತೂ, ಸಾಮಾನ್ಯ ಪ್ರಾರಂಭದಲ್ಲಿ ಕರೆಯಲ್ಪಡುವ ತಪಾಸಕವು ಏನನ್ನೂ ಮಾಡದೆ ಯಶಸ್ಸನ್ನು ವರದಿಮಾಡಿ ಮುಗಿಯುತ್ತದೆ. ಅದರ ಕೈಪಿಡಿಯ ಮೊದಲ ಸಾಲೇ ಇದನ್ನು ಮರೆಮಾಚದೆ ಹೇಳುತ್ತದೆ.

ಉಳಿದ ಭ್ರಾಂತಿಗಳಿಗೆ ಹೆಚ್ಚು ಮಾತು ಬೇಡ. ಎಫ್‌ಎಸ್‌ಸಿಕೆ ಪರೀಕ್ಷಿಸುವುದು ವ್ಯವಸ್ಥೆಯ ರಚನೆಯನ್ನೇ ಹೊರತು ಕಡತದೊಳಗಣ ದತ್ತಾಂಶವನ್ನಲ್ಲ. ಸವೆದ ಡಿಸ್ಕನ್ನು ಅದು ಗುಣಪಡಿಸಲಾರದು. ಬರಹಕ್ಕೆ ತೆರೆದು ಮೌಂಟ್ ಆಗಿರುವ ವ್ಯವಸ್ಥೆಯ ಮೇಲೆ ದುರಸ್ತಿಯನ್ನು ನಡೆಸುವುದು ಇದ್ದುದನ್ನೂ ಕೆಡಿಸುವ ಮಾರ್ಗ.

ಕೈಪಿಡಿಯು ಕೈಯಳತೆಯಲ್ಲಿರುವಾಗಲೂ ಅದನ್ನು ತೆರೆಯದೆ, ಹಿರಿಯ ಸಹೋದ್ಯೋಗಿಯಿಂದ ಕಿವಿಗೆ ಬಿದ್ದ ಮಾತನ್ನೇ ಶಾಸ್ತ್ರವೆಂದು ಬಗೆದು, ಪರದೆಯಲ್ಲಿ ಹಸಿರಕ್ಷರದ ‘ಓಕೆ’ ಮೂಡಿದೊಡನೆ ವಿಚಾರವನ್ನೇ ನಿಲ್ಲಿಸಿಬಿಡುವ ಈ ಅಭ್ಯಾಸವು ತಪಾಸಣೆಯೊಂದಕ್ಕೇ ಸೀಮಿತವಾದುದಲ್ಲ. ಒಮ್ಮೆಯೂ ಮರಳಿ ತೆರೆದು ನೋಡದ ಬ್ಯಾಕಪ್ಪನ್ನು ನಂಬುವವರೂ ಇದೇ ಪಂಕ್ತಿಯವರು. ಇತರರ ವರ್ಷಗಟ್ಟಲೆಯ ಶ್ರಮವು ಅಡಗಿರುವ ಡಿಸ್ಕುಗಳನ್ನು ಕಾಯುವವರಿಗೆ ಇಂಥ ವಿಶ್ವಾಸ ಸಲ್ಲದು.

ಎಕ್ಸ್‌ಟಿ4 ಇರುವಲ್ಲಿ ಟ್ಯೂನ್‌2ಎಫ್‌ಎಸ್ ಆಜ್ಞೆಗೆ ‘-ಎಲ್’ ಸೇರಿಸಿ ಓದಿದರೆ ಕೊನೆಯ ಪೂರ್ಣ ತಪಾಸಣೆಯ ದಿನಾಂಕವು ತಿಳಿಯುತ್ತದೆ. ವ್ಯವಸ್ಥೆ ಹುಟ್ಟಿದ ದಿನಾಂಕವೇ ಅಲ್ಲಿಯೂ ಕಂಡರೆ ಅಂದಿನಿಂದ ಅದನ್ನು ಯಾರೂ ಶೋಧಿಸಿಲ್ಲವೆಂದು ತಿಳಿಯಬೇಕು. ಆಗ ಬಳಕೆದಾರರಿಗೆ ಮುಂಚಿತವಾಗಿ ತಿಳಿಸಿ, ಬ್ಯಾಕಪ್ಪನ್ನು ಪರೀಕ್ಷಿಸಿ, ಸಿಸ್ಟಮ್‌ಡಿ ಇರುವ ಯಂತ್ರವಾದರೆ ಒಂದು ಪ್ರಾರಂಭದ ಮಟ್ಟಿಗೆ ಕರ್ನೆಲ್ ಸಾಲಿಗೆ ‘ಎಫ್‌ಎಸ್‌ಸಿಕೆ.ಮೋಡ್=ಫೋರ್ಸ್’ ಎಂದು ಸೇರಿಸತಕ್ಕದ್ದು; ಎಫ್‌ಎಸ್‌ಟ್ಯಾಬಿನ ಆರನೆಯ ಅಂಕಣದಲ್ಲಿ ಸೊನ್ನೆಯಿದ್ದರೆ ಆ ಡಿಸ್ಕು ಇದಕ್ಕೂ ಸಿಕ್ಕದೆ ತಪ್ಪಿಹೋಗುತ್ತದೆಯಾದ್ದರಿಂದ ಅದನ್ನೂ ಮೊದಲೇ ನೋಡಿಕೊಳ್ಳಬೇಕು. ಪ್ರಾರಂಭಕಾಲದಲ್ಲಿ ಸಹಜವಾಗಿ ನಡೆಯುವುದು ನಿರಪಾಯಕರವಾದ ದುರಸ್ತಿ ಮಾತ್ರವಾಗಿ, ಗುರುತರ ದೋಷ ಕಂಡಲ್ಲಿ ಯಂತ್ರವು ತುರ್ತು ಸ್ಥಿತಿಯಲ್ಲಿ ನಿಂತು ಮನುಷ್ಯನ ಆಜ್ಞೆಗಾಗಿ ಕಾಯಬಹುದಾದುದರಿಂದ, ಆ ಹೊತ್ತಿನಲ್ಲಿ ಕನ್ಸೋಲಿನ ಬಳಿ ಕೆಲಸ ಬಲ್ಲವರೊಬ್ಬರು ಇರಲೇಬೇಕು.