ಬೀದಿಯ ಹೆಣಿಗೆ ಮತ್ತು ನಗರದ ಹರವು: ಬೆಂಗಳೂರಿನ ನಿದರ್ಶನ

ನಗರದ ಅಂಗಗಳೆಲ್ಲವೂ ಒಂದೇ ಗತಿಯಲ್ಲಿ ಹಳೆಯದಾಗುವುದಿಲ್ಲ. ಮನೆ ಎರಡು ಮೂರು ತಲೆಮಾರುಗಳಲ್ಲಿ ಬಿದ್ದು ಮತ್ತೆ ಏಳುತ್ತದೆ; ಅಂಗಡಿ ಕೈ ಬದಲಾಯಿಸುತ್ತದೆ; ಕೋಟೆಯ ಗೋಡೆಯೂ ಕರಗಿಹೋಗುತ್ತದೆ. ಆದರೆ ಒಮ್ಮೆ ಎಳೆದ ಬೀದಿಯ ಗೆರೆ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಅದರ ಎರಡು ಬದಿಯ ನಿವೇಶನಗಳ ಎಲ್ಲೆ, ಕ್ರಯಪತ್ರಗಳ ಚಕ್ಕುಬಂದಿ, ನೀರಿನ ಕೊಳವೆ, ಚರಂಡಿ, ಇವೆಲ್ಲವೂ ಆ ಗೆರೆಯನ್ನೇ ಆಧರಿಸಿ ನಿಲ್ಲುತ್ತವೆ. ಆದುದರಿಂದ ಬೆಳೆಯುವ ನಗರವೊಂದು ಎಲ್ಲಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆ, ಬೀದಿಗಳು ಎಲ್ಲಿ ಹೋಗಬೇಕು, ಯಾವುದನ್ನು ಕೂಡಬೇಕು ಎಂಬುದೇ ಆಗಿದೆ. ಬೆಂಗಳೂರು ಈ ಪ್ರಶ್ನೆಗೆ ಒಂದು ಕಾಲದಲ್ಲಿ ಮನೆ ಕಟ್ಟುವ ಮೊದಲೇ ಉತ್ತರವಿತ್ತಿತು. ಮತ್ತೊಂದು ಕಾಲದಲ್ಲಿ ಮನೆಗಳೆದ್ದ ಮೇಲೆ ಉತ್ತರವನ್ನು ಹುಡುಕತೊಡಗಿತು.

ಬೀದಿಗಳ ಹೆಣಿಗೆಯನ್ನು ಅಳೆಯುವ ಬಗೆ ಸರಳವಾದುದು. ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಕೂಡುದಾರಿಗಳಿವೆ? ಒಂದೊಂದರಲ್ಲಿ ಎಷ್ಟು ಬೀದಿಗಳು ಸೇರುತ್ತವೆ? ಮುಂದೆ ದಾರಿಯಿಲ್ಲದೆ ಮುಗಿಯುವ ಬೀದಿಗಳೆಷ್ಟು? ಹಕ್ಕಿ ಹಾರುವ ದೂರಕ್ಕೂ ಕಾಲು ನಡೆಯುವ ದೂರಕ್ಕೂ ಇರುವ ಅಂತರವೆಷ್ಟು? ನೂರು ಮೀಟರಿಗೊಂದರಂತೆ ಅಡ್ಡವಾಗಿಯೂ ಉದ್ದವಾಗಿಯೂ ಬೀದಿಗಳಿದ್ದರೆ ಚದರ ಕಿಲೋಮೀಟರಿಗೆ ಸುಮಾರು 100 ಕೂಡುದಾರಿಗಳು ದೊರೆಯುತ್ತವೆ; ಐನೂರು ಮೀಟರಿಗೊಂದರಂತೆ ಇದ್ದರೆ ಕೇವಲ 4. ಮೊದಲನೆಯದು ನೇಯ್ದ ಬಟ್ಟೆಯಂತೆ. ಒಂದು ಎಳೆ ಕಡಿದರೂ ಬಟ್ಟೆ ಬಿಚ್ಚಿಹೋಗದು. ಕೊನೆಗಾಣುವ ಬೀದಿಗಳೇ ತುಂಬಿದ ಬಡಾವಣೆಯಾದರೋ ಮರದಂತೆ: ಒಂದು ಎಲೆಯಿಂದ ನೆರೆಯ ಎಲೆಗೆ ಹೋಗಬೇಕಾದರೂ ರೆಂಬೆಯಿಂದ ಕಾಂಡಕ್ಕಿಳಿದು ಮತ್ತೆ ಏರಬೇಕು. ಕಾಂಡದಲ್ಲಿ ಒಂದು ಕೊಳವೆಗಾಗಿ ಅಗೆತ ನಡೆದರೆ ಸಾವಿರ ಮನೆಗಳ ಸಂಚಾರ ನಿಲ್ಲುತ್ತದೆ.

1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದಾಗ ಒಂದು ಬಿಂದುವಿನಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರೆಂದು ಪ್ರತೀತಿಯಿದೆ. ಕಥೆ ಅಕ್ಷರಶಃ ಸತ್ಯವೋ ಅಲ್ಲವೋ, ಅದರ ತಾತ್ಪರ್ಯ ಗಮನಾರ್ಹ: ಮನೆಗಿಂತ ಮೊದಲು ಬೀದಿ. ಇಂದು ಅವೆನ್ಯೂ ರಸ್ತೆಯೆನಿಸಿರುವ ದೊಡ್ಡಪೇಟೆಯೂ ಅದನ್ನು ಅಡ್ಡಹಾಯುವ ಚಿಕ್ಕಪೇಟೆಯೂ ಈಗಲೂ ವ್ಯಾಪಾರದ ನಡುಮನೆಯಾಗಿವೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಮುಂತಾದ ಕೇರಿಗಳು ಇವುಗಳೊಡನೆ ಹೆಣೆದುಕೊಂಡವು. ಬೀದಿಗಳು ಇಕ್ಕಟ್ಟಾದುವು, ನಿಜ. ಆದರೆ ಅಗಲ ಬೇರೆ, ಹೆಣಿಗೆ ಬೇರೆ.

ಇಕ್ಕಟ್ಟಿನ ಬೆಲೆಯನ್ನು 1898ರ ಪ್ಲೇಗು ತೋರಿಸಿಕೊಟ್ಟಿತು. ಆ ಮಾರಿಯ ನಂತರ ನೆಲೆಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕುಗಳಿಗೆ ಬೇಕಾದ ಅಗಲವೂ ಪೇಟೆಯಲ್ಲಿದ್ದ ಹೆಣಿಗೆಯೂ ಒಂದುಗೂಡಿದುವು. ಮುಂಬಯಿಯಲ್ಲಿಯೂ 1896ರ ಪ್ಲೇಗಿನ ಪರಿಣಾಮವಾಗಿ 1898ರಲ್ಲಿಯೇ ನಗರ ಸುಧಾರಣಾ ಟ್ರಸ್ಟು ಹುಟ್ಟಿತು; ಅನೇಕ ಕನ್ನಡಿಗರ ನೆಲೆಯಾದ ಮಾಟುಂಗವು ಅದರ ದಾದರ್–ಮಾಟುಂಗ ಯೋಜನೆಯ ಫಲ. ಬೆಂಗಳೂರಿನಲ್ಲಿ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಸ್ಥಾಪಿತವಾಯಿತು; 1948ರಲ್ಲಿ ಆರಂಭವಾದ ಜಯನಗರವೂ ಇದೇ ಪರಂಪರೆಯದು. ಇಂಥ ಬಡಾವಣೆಗಳ ವಿಳಾಸದಲ್ಲಿಯೇ ಬೀದಿಯ ಹೆಣಿಗೆ ಅಡಗಿದೆ: ಇಷ್ಟನೆಯ ಮುಖ್ಯರಸ್ತೆ, ಇಷ್ಟನೆಯ ಅಡ್ಡರಸ್ತೆ ಎಂದೊಡನೆ ಊರಿಗೆ ಹೊಸಬನಾದವನೂ ಮನೆಯನ್ನು ಕಂಡುಕೊಳ್ಳಬಲ್ಲನು.

ಮುಂದಿನ ಬೆಳವಣಿಗೆಯ ವೇಗ ಈ ಪರಂಪರೆಯನ್ನು ಹಿಂದೆ ಹಾಕಿತು. 1951ರ ಜನಗಣತಿಯಲ್ಲಿ ಸುಮಾರು 7.8 ಲಕ್ಷವಿದ್ದ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 85 ಲಕ್ಷಕ್ಕೆ ಏರಿತು. 2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ 110 ಗ್ರಾಮಗಳನ್ನೂ ಸೇರಿಸಿದಾಗ ನಗರಾಡಳಿತದ ವ್ಯಾಪ್ತಿ ಸುಮಾರು 226 ಚದರ ಕಿಲೋಮೀಟರಿನಿಂದ 700ನ್ನು ಮೀರಿತು. ಆದರೆ ಆ ಹಳ್ಳಿಗಳ ಹೊಲಗದ್ದೆಗಳಲ್ಲಿ ಬಹಳಷ್ಟು ಅಷ್ಟರೊಳಗಾಗಿ ನಿವೇಶನಗಳಾಗಿದ್ದುವು.

ಹೊಲವು ಬಡಾವಣೆಯಾಗುವ ಕ್ರಮದಲ್ಲಿಯೇ ದೋಷದ ಮೂಲವಿದೆ. ಭೂಪರಿವರ್ತನೆ ನಡೆಯುವುದು ಸರ್ವೇ ನಂಬರಿನ ಲೆಕ್ಕದಲ್ಲಿ. ಒಂದು ಹಿಡುವಳಿಯ ಒಡೆಯ ತನ್ನ ನೆಲವನ್ನು ಸೀಳಿ, ಸಮೀಪದ ಬಂಡಿಜಾಡಿಗೆ ಒಂದು ಬಾಯಿಬಿಡಿಸಿ ಮಾರುತ್ತಾನೆ. ಪಕ್ಕದ ಒಡೆಯನೂ ಹಾಗೆಯೇ. ತನ್ನ ಬೀದಿಯನ್ನು ನೆರೆಯವನ ಬೀದಿಗೆ ಕೂಡಿಸಲು ಬಿಡಬೇಕಾದ ನೆಲದ ನಷ್ಟ ಅವನೊಬ್ಬನದು. ಅದರಿಂದ ಬರುವ ಲಾಭ ಊರಿಗೆಲ್ಲ. ಹೀಗಾಗಿ ಯಾರೂ ಬಿಡುವುದಿಲ್ಲ. ಕೆರೆ, ರೈಲುಹಾದಿ, ಸೇನೆಯ ನೆಲ ಇವು ಮೊದಲೇ ಒಡ್ಡಿದ ತಡೆಗಳಿಗೆ ಆವರಣಗೋಡೆಯ ವಸತಿಸಂಕೀರ್ಣಗಳೂ ಸೇರಿಕೊಂಡವು. ಎತ್ತಿನ ಗಾಡಿಗೆಂದು ಬಿದ್ದ ಜಾಡು ಸಹಸ್ರಾರು ಮನೆಗಳ ಏಕೈಕ ಹೆಬ್ಬಾಗಿಲಾಯಿತು. ಹಾದುಹೋಗುವ ವಾಹನಗಳಿಗೆಂದು ಕಟ್ಟಿದ, ಸುಮಾರು 60 ಕಿಲೋಮೀಟರಿನ ಹೊರವರ್ತುಲ ರಸ್ತೆಯೂ ಪೂರ್ವಭಾಗದಲ್ಲಿ ತರಕಾರಿ ತರುವವರಿಗೂ ಶಾಲೆಗೆ ಹೋಗುವವರಿಗೂ ಅನಿವಾರ್ಯವಾಯಿತು. ಅದಕ್ಕೆ ಸಮಾನಾಂತರವಾದ ಊರಬೀದಿಗಳು ಸಾಲದಾಗಿದ್ದುವು.

ಇದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ವಾಹನವುಳ್ಳವನಿಗೆ ಸುತ್ತುದಾರಿಯೆಂದರೆ ಸಮಯದ ಮತ್ತು ಇಂಧನದ ವ್ಯಯ. ಮನೆಗೆಲಸಕ್ಕೆ ನಡೆದು ಬರುವ ಹೆಂಗಸಿಗೆ ಅದು ದಿನವೂ ಸವೆಸಬೇಕಾದ ದೂರ. ಬಡಾವಣೆಯ ಒಳಗೆ ಹೊಕ್ಕು ಮತ್ತೊಂದು ಕಡೆ ಹೊರಡಲು ದಾರಿಯಿಲ್ಲದಿದ್ದರೆ ಬಸ್ಸು ಅಂಚಿನಲ್ಲಿಯೇ ನಿಲ್ಲಬೇಕಾಗುತ್ತದೆ. 2011ರಲ್ಲಿ ಆರಂಭವಾದ ಮೆಟ್ರೋ ರೈಲು 2023ರಲ್ಲಿ ವೈಟ್‌ಫೀಲ್ಡನ್ನು ಮುಟ್ಟಿತು; ಆದರೆ ನಿಲ್ದಾಣಕ್ಕೂ ಮನೆಗೂ ನಡುವೆ ಗೋಡೆಯಿದ್ದರೆ ಮುನ್ನೂರು ಮೀಟರಿನ ಸಾಮೀಪ್ಯವೂ ದೂರವೇ ಸರಿ.

ಎಲ್ಲ ಬೀದಿಗಳೂ ಕೂಡಿದರೆ ವಸತಿಯ ನೆಮ್ಮದಿ ಕೆಡುವುದೆಂಬ ಆಕ್ಷೇಪ ನಿರಾಧಾರವಲ್ಲ. ಆದರೆ ನಡೆಯುವವರನ್ನೂ ಸೈಕಲ್ಲಿನವರನ್ನೂ ಬಿಟ್ಟು ಮೋಟಾರನ್ನು ಮಾತ್ರ ತಡೆಯುವುದು ಸಾಧ್ಯ. ಸ್ಪೇನಿನ ಬಾರ್ಸೆಲೋನ ನಗರ ಇದಕ್ಕೆ ಸಾಕ್ಷಿ. ಅಲ್ಲಿ 1859ರ ಸೆರ್ದಾ ಯೋಜನೆ ವಿಸ್ತಾರವಾದ ಬೀದಿಜಾಲವನ್ನು ಹಾಸಿತ್ತು. 2016ರಿಂದೀಚೆಗೆ ಅದರ ಕೆಲವು ಚೌಕಗಳನ್ನು ಒಟ್ಟುಗೂಡಿಸಿ ಒಳಬೀದಿಗಳನ್ನು ಪಾದಚಾರಿಗಳಿಗೆ ಒಪ್ಪಿಸಲಾಯಿತು. ಇರುವ ಬೀದಿಯನ್ನು ಮುಚ್ಚಲು ಒಂದು ಕಂಬ ಸಾಕು; ಇಲ್ಲದ ಬೀದಿಯನ್ನು ತೆರೆಯಲು ಮನೆಗಳನ್ನು ಕೆಡವಬೇಕು.

ಪರಿಹಾರದ ಮಾರ್ಗ ಹೊಸದೇನೂ ಅಲ್ಲ. ಮುಂಬಯಿ ಪ್ರಾಂತದ 1915ರ ನಗರಯೋಜನಾ ಕಾಯಿದೆಯಿಂದ ಬೆಳೆದು ಬಂದ ವಿಧಾನವನ್ನು ಅಹಮದಾಬಾದು ಇಂದಿಗೂ ಅನುಸರಿಸುತ್ತಿದೆ. ಅದರಂತೆ ಒಂದು ಪ್ರದೇಶದ ಹಿಡುವಳಿಗಳನ್ನೆಲ್ಲ ನಕ್ಷೆಯ ಮೇಲೆ ಒಟ್ಟುಗೂಡಿಸಿ, ಪ್ರತಿಯೊಬ್ಬನಿಂದಲೂ ಒಂದು ಪಾಲನ್ನು ಬೀದಿ ಮತ್ತು ಉದ್ಯಾನಗಳಿಗೆ ಪಡೆದು, ಉಳಿದುದನ್ನು ಸರಿಯಾದ ಆಕಾರದಲ್ಲಿ ಅವನಿಗೇ ಮರಳಿಸಲಾಗುತ್ತದೆ. ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ಒಬ್ಬನ ಹಟಕ್ಕೆ ಎಡೆಯಿರುವುದಿಲ್ಲ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿಯೂ ಇದಕ್ಕೆ ಅವಕಾಶವುಂಟು; ಬೆಂಗಳೂರು ಮಾತ್ರ ಹೆಚ್ಚಾಗಿ ಭೂಸ್ವಾಧೀನವನ್ನೇ ನೆಚ್ಚಿತು. ಸ್ವಾಧೀನವು ವ್ಯಾಜ್ಯಗಳಲ್ಲಿ ತಡೆದು ನಿಂತ ಕಡೆ ಖಾಸಗಿ ಬಡಾವಣೆ ಮುಂದೆ ನಡೆಯಿತು.

ಈಗಾಗಲೇ ಕಟ್ಟಿ ಮುಗಿದ ಭಾಗಗಳಲ್ಲಿ ಗೋಡೆಗೊಂದು ಕಾಲುದಾರಿ, ರಾಜಕಾಲುವೆಗೊಂದು ಸಂಕ, ಇಷ್ಟನ್ನು ಮಾಡಿದರೂ ಎಷ್ಟೋ ದೂರಗಳು ಕುಗ್ಗುವುವು. ಆದರೆ ನಗರದ ಅಂಚಿನಲ್ಲಿ ಇನ್ನೂ ರಾಗಿಯ ಹೊಲಗಳಿವೆ. ಅಲ್ಲಿ ಬೀದಿಯ ಗೆರೆಯನ್ನು ಎಳೆಯಲು ಇಂದು ಬೇಕಾದುದು ನಕ್ಷೆ ಮತ್ತು ನಿಶ್ಚಯ. ಮನೆಗಳೆದ್ದ ಬಳಿಕ ಬೇಕಾಗುವುದು ಕೋಟಿಗಟ್ಟಲೆ ಹಣ ಮತ್ತು ನೆಲೆ ತಪ್ಪಿದವರ ಕಣ್ಣೀರು.