ದೆವ್ವ ಕಂಡವರೆಷ್ಟು ಮಂದಿ?

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ಕಡೆ ‘ಗಾಳಿ ಸೋಕಿದೆ’ ಎಂದರೆ ಮತ್ತೆ ವಿವರಣೆ ಬೇಕಿಲ್ಲ. ಇಂಥ ಅನುಭವಗಳನ್ನು ಮೊಬೈಲಿನಲ್ಲೇ ಕೇಳಿ ದಾಖಲಿಸುವ ಆನ್‌ಲೈನ್ ಸಮೀಕ್ಷೆಗಳು ಈಗ ಬಂದಿವೆ. ಅವುಗಳ ಬಗ್ಗೆ ತಪ್ಪು ತಿಳಿವಳಿಕೆಯೂ ಸಾಕಷ್ಟಿದೆ.

ತಪ್ಪು ಕಲ್ಪನೆ: ಇಷ್ಟೊಂದು ಜನ ‘ಹೌದು’ ಎಂದ ಮೇಲೆ ದೆವ್ವ ಇರಲೇಬೇಕು.

ಸತ್ಯ: 1990ರ ದಶಕದಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ, ಬಾಗಿಲು ತಟ್ಟುವ ದೆವ್ವ ಮರಳಿ ಹೋಗಲೆಂದು, ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ಆ ಬಾಗಿಲುಗಳನ್ನು ಎಣಿಸಿದ್ದರೆ ಸಿಗುತ್ತಿದ್ದದ್ದು ಹೆದರಿದ ಮನೆಗಳ ಲೆಕ್ಕ. ಪಕ್ಕದ ಮನೆಯವರು ಬರೆದರಲ್ಲ ಎಂದು ಬರೆದವರೂ ಅದರಲ್ಲಿ ಸೇರಿರುತ್ತಿದ್ದರು! ಹಾಗಾಗಿ ಒಳ್ಳೆಯ ಪ್ರಶ್ನಾವಳಿ ‘ನಂಬುತ್ತೀರಾ?’ ಎಂಬುದನ್ನೂ ‘ನಿಮಗೇ ಆಗಿದೆಯಾ?’ ಎಂಬುದನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಅನುಭವವಾದಾಗ ಮಲಗಿದ್ದಿರಾ, ಒಬ್ಬರೇ ಇದ್ದಿರಾ, ಮನೆಯಲ್ಲಿ ಸಾವಾಗಿತ್ತಾ ಎಂದೂ ಕೇಳುತ್ತದೆ.

ತಪ್ಪು ಕಲ್ಪನೆ: ಹೌದು ಎಂದವರಿಗೆ ತಲೆ ಕೆಟ್ಟಿದೆ, ಇಲ್ಲವೇ ಸುಳ್ಳು ಹೇಳುತ್ತಾರೆ.

ಸತ್ಯ: ಬ್ರಿಟನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ 1894ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು 17,000 ಜನರನ್ನು ಕೇಳಲಾಗಿತ್ತು. ಪೂರ್ತಿ ಎಚ್ಚರವಿದ್ದಾಗಲೇ ಇಲ್ಲದ್ದನ್ನು ಕಂಡೆ, ಕೇಳಿದೆ ಎಂದವರು ಹತ್ತರಲ್ಲಿ ಒಬ್ಬರು. 1971ರಲ್ಲಿ ವೇಲ್ಸ್‌ನ ವೈದ್ಯ ಡ್ಯೂಯಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತಾಡಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ, ತೀರಿಕೊಂಡವರು ಜತೆಗಿದ್ದಂತೆ ಅನಿಸಿದೆ ಎಂದರು. ಇವರೆಲ್ಲ ಹುಚ್ಚರಲ್ಲ. ಇನ್ನು, ರಾತ್ರಿ ಎಚ್ಚರವಾದಾಗ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕೂತಂತಾಗುವುದು ‘ಸ್ಲೀಪ್ ಪ್ಯಾರಾಲಿಸಿಸ್’. ಕನಸು ಕಾಣುವಾಗ ಸ್ನಾಯುಗಳು ಸಡಿಲಗೊಂಡಿರುತ್ತವೆ; ಮಿದುಳು ಎಚ್ಚರಗೊಂಡರೂ ಆ ಬಿಗಿತಪ್ಪಿದ ಸ್ಥಿತಿ ಕೆಲ ಕ್ಷಣ ಮುಂದುವರಿಯುತ್ತದೆ, ಕನಸಿನ ಚೂರುಗಳೂ ಉಳಿದಿರುತ್ತವೆ. ಅನುಭವ ನಿಜ, ಎದೆಯ ಮೇಲೆ ಕೂತವರು ಮಾತ್ರ ಇಲ್ಲ.

ತಪ್ಪು ಕಲ್ಪನೆ: ವಿಜ್ಞಾನಿಗಳು ಈ ವಿಷಯವನ್ನು ಮುಟ್ಟುವುದಿಲ್ಲ.

ಸತ್ಯ: ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನವರಾದ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲೆಂದೇ ಸಮಿತಿ ರಚಿಸಿದ್ದರು. ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಸಾವಿನ ಅಂಚಿಗೆ ಹೋಗಿ ಬಂದವರ ಅನುಭವಗಳನ್ನು ಅಧ್ಯಯನ ಮಾಡಿದರು. ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜತೆ ಅವರು 1986ರಲ್ಲಿ ಪ್ರಕಟಿಸಿದ ಭಾರತದ ಪ್ರಕರಣಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ: ಯಮದೂತರು ಎಳೆದೊಯ್ದರು, ಪುಸ್ತಕ ತೆರೆದು ನೋಡಿದರೆ ಆಳು ಬೇರೆ, ವಾಪಸ್ ಕಳಿಸಿದರು. ಅಮೆರಿಕನ್ನರ ಅನುಭವಗಳಲ್ಲಿ ಚಿತ್ರಗುಪ್ತನ ಕಚೇರಿಯ ಈ ಎಡವಟ್ಟು ಇಲ್ಲ. ಬಾಲ್ಯದಿಂದ ಕೇಳಿದ ಕಥೆ ಅನುಭವಕ್ಕೆ ರೂಪ ಕೊಡುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ತಪ್ಪು ಕಲ್ಪನೆ: ಆನ್‌ಲೈನಿನಲ್ಲಿ ಸಾವಿರಾರು ಜನ ಉತ್ತರಿಸಿದರೆ ಅದೇ ಊರಿನ ಮಾತು.

ಸತ್ಯ: ಲಿಂಕ್ ಒತ್ತುವವರು ಹೆಚ್ಚಾಗಿ ಹೇಳಿಕೊಳ್ಳಲು ಏನಾದರೂ ಇರುವವರು. ಏನೂ ಕಾಣದವರು ಮುಂದಕ್ಕೆ ಸರಿಸಿಬಿಡುತ್ತಾರೆ. ಪಾವಗಡ ತಾಲ್ಲೂಕಿನಲ್ಲಂತೂ ಎಷ್ಟೋ ಮನೆಗಳ ಮಾತು ತೆಲುಗು. ಇಂಗ್ಲಿಷ್ ಪ್ರಶ್ನಾವಳಿ ಹೊಸಕೋಟೆಯ ಮಗ್ಗದ ಮನೆಯ ಅಜ್ಜಿಯನ್ನು ತಲುಪುವುದೇ ಇಲ್ಲ. ಅವರ ಹತ್ತಿರ ಇರುವಷ್ಟು ಕಥೆ ಮೊಮ್ಮಗನ ಹತ್ತಿರ ಇರುವುದೂ ಇಲ್ಲ. ಹೀಗೆ ಓರೆಯಾದ ಲೆಕ್ಕ, ಉತ್ತರಿಸಿದವರು ಹತ್ತು ಪಟ್ಟಾದರೂ ನೆಟ್ಟಗಾಗದು.

ಅಂಥ ಲಿಂಕ್ ನಿಮಗೆ ಬಂದರೆ, ಏನೂ ಅನುಭವವಾಗಿಲ್ಲದಿದ್ದರೂ ಭರ್ತಿ ಮಾಡಿ. ‘ಇಲ್ಲ’ ಎಂದವರ ಲೆಕ್ಕವೂ ಅಷ್ಟೇ ಬೇಕು. ಆಧಾರ್ ಸಂಖ್ಯೆ, ಓಟಿಪಿ ಕೇಳಿದರೆ ಮಾತ್ರ ತಕ್ಷಣ ಮುಚ್ಚಿಬಿಡಿ.